ಬಾನೆಟ್ ಇಲ್ಲಿ ಹುಡ್: ಅಮೆರಿಕದಲ್ಲಿ ಕಾರು ಇಟ್ಟುಕೊಳ್ಳುವ ಹೊಸ ಕನ್ನಡಿಗರಿಗೆ

ಕರ್ನಾಟಕದಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರೂ ಅಮೆರಿಕಕ್ಕೆ ಬಂದ ಹೊಸದರಲ್ಲಿ ಗ್ಯಾರೇಜಿನ ಕೌಂಟರಿನ ಮುಂದೆ ತಡವರಿಸುತ್ತಾರೆ. ಅವರಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ; ಆದರೆ ಬಾನೆಟ್, ಇಂಡಿಕೇಟರ್, ಸೈಲೆನ್ಸರ್, ನಂಬರ್ ಪ್ಲೇಟ್, ಸ್ಪ್ಯಾನರ್, ಪೆಟ್ರೋಲ್ ಎಂದು ನಾವು ಕಲಿತದ್ದೆಲ್ಲ ಬ್ರಿಟನ್ನಿನ ಬಳಕೆ. ಅದರ ಜೊತೆಗೆ, ಬ್ರಿಟಿಷರೇ ಮರೆತಿರುವ ಕೆಲವು ಪದಗಳನ್ನು ನಮ್ಮ ಮೆಕ್ಯಾನಿಕ್‌ಗಳು ಇಂದಿಗೂ ಉಳಿಸಿಕೊಂಡಿದ್ದಾರೆ. ಆದ್ದರಿಂದ ಲಂಡನ್ನಿಗೆ ಹೋದವರಿಗೆ ಈ ವಿಷಯದಲ್ಲಿ ತೊಂದರೆ ಕಡಿಮೆ, ಡೆಟ್ರಾಯಿಟಿಗೋ ಡಲ್ಲಾಸಿಗೋ ಬಂದವರಿಗೆ ಹೆಚ್ಚು.

ಮೊದಲು ಎರಡೂ ದೇಶಗಳಲ್ಲಿ ನಡೆಯದ ಪದಗಳನ್ನು ನೋಡೋಣ. ಸಾಮಾನು ಇಡುವ ಹಿಂಭಾಗಕ್ಕೆ ನಾವು ಡಿಕ್ಕಿ ಎನ್ನುತ್ತೇವೆ. ಹಳೆಯ ಕಾಲದ ಕಾರುಗಳ ಹಿಂಬದಿಯಲ್ಲಿ ಮುಚ್ಚಳ ತೆರೆದರೆ ಹೊರಬರುತ್ತಿದ್ದ ಹೆಚ್ಚುವರಿ ಸೀಟಿಗೆ ಬ್ರಿಟನ್ನಿನಲ್ಲಿ ಆ ಹೆಸರಿತ್ತು. ಸೀಟು ಹೋದ ಮೇಲೂ ನಮ್ಮಲ್ಲಿ ಹೆಸರು ಮಾತ್ರ ಉಳಿಯಿತು. ಈಗ ಅದೇ ಭಾಗವನ್ನು ಬ್ರಿಟಿಷರು ಬೂಟ್ ಎಂದೂ ಅಮೆರಿಕನ್ನರು ಟ್ರಂಕ್ ಎಂದೂ ಕರೆಯುತ್ತಾರೆ. ಸ್ಟೆಪ್ನಿಯ ಕಥೆಯೂ ಇಂಥದ್ದೇ. ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆ ಮಾರಾಟವಾಗುತ್ತಿದ್ದ 20ನೇ ಶತಮಾನದ ಆರಂಭದಲ್ಲಿ, ವೇಲ್ಸ್‌ನ ಲ್ಲಾನೆಲ್ಲಿ ಪಟ್ಟಣದ ಸ್ಟೆಪ್ನಿ ಸ್ಟ್ರೀಟ್‌ನ ಹೆಸರು ಹೊತ್ತು ಬಂದ ತುರ್ತು ಚಕ್ರ ಅದು. ಇಲ್ಲಿ ಸ್ಪೇರ್ ಟೈರ್ ಎಂದರೆ ಸಾಕು. ‘ಸೆಲ್ಫ್ ಹೋಗಿದೆ’ ಎಂದರೆ ಯಾರಿಗೂ ಅರ್ಥವಾಗದು, ಸ್ಟಾರ್ಟರ್ ಎನ್ನಬೇಕು. ‘ಬ್ಯಾಟರಿ ಡೌನ್’ ಎಂಬುದಕ್ಕೆ ಇಲ್ಲಿಯವರು ಡೆಡ್ ಬ್ಯಾಟರಿ ಎನ್ನುತ್ತಾರೆ, ಬ್ರಿಟಿಷರು ಫ್ಲ್ಯಾಟ್ ಬ್ಯಾಟರಿ ಎನ್ನುತ್ತಾರೆ. ಅಮೆರಿಕದಲ್ಲಿ ಬರೀ ಫ್ಲ್ಯಾಟ್ ಎಂದರೆ ಟೈರು ಪಂಕ್ಚರ್ ಆಗಿದೆಯೆಂದೇ ಅರ್ಥ.

ಒಂದಕ್ಕೊಂದು ನೇರವಾಗಿ ಹೊಂದುವ ಪದಗಳನ್ನು ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಬಾನೆಟ್ ಇಲ್ಲಿ ಹುಡ್, ವಿಂಡ್‌ಸ್ಕ್ರೀನ್ ಇಲ್ಲಿ ವಿಂಡ್‌ಶೀಲ್ಡ್, ಸೈಲೆನ್ಸರ್ ಮಫ್ಲರ್, ಗೇರ್‌ಬಾಕ್ಸ್ ಟ್ರಾನ್ಸ್‌ಮಿಷನ್, ನಂಬರ್ ಪ್ಲೇಟ್ ಲೈಸೆನ್ಸ್ ಪ್ಲೇಟ್, ಸ್ಪ್ಯಾನರ್ ರೆಂಚ್. ಇಂಡಿಕೇಟರ್ ಕಾಗದದಲ್ಲಿ ಟರ್ನ್ ಸಿಗ್ನಲ್, ಆಡುಮಾತಿನಲ್ಲಿ ಬ್ಲಿಂಕರ್. ಬ್ರೇಕ್ ಡಿಸ್ಕನ್ನು ಇಲ್ಲಿ ರೋಟರ್ ಎನ್ನುವುದರಿಂದ, ‘ಪ್ಯಾಡ್ಸ್ ಅಂಡ್ ರೋಟರ್ಸ್’ ಎಂದು ಬರೆದ ಅಂದಾಜುಪಟ್ಟಿ ಕಂಡಾಗ ಹೊಸದೇನನ್ನೋ ತಲೆಗೆ ಕಟ್ಟುತ್ತಿದ್ದಾರೆಂದು ಅನುಮಾನಿಸಬೇಕಾಗಿಲ್ಲ. ಫೆಂಡರ್ ವಿಷಯದಲ್ಲಿ ಮಾತ್ರ ಸ್ವಲ್ಪ ಗಮನವಿರಲಿ. ಬ್ರಿಟಿಷರು ಮುಂದಿನ ಮತ್ತು ಹಿಂದಿನ ಚಕ್ರಗಳ ಮೇಲಿನ ತಗಡುಗಳೆರಡನ್ನೂ ವಿಂಗ್ ಎನ್ನುತ್ತಾರೆ. ಅಮೆರಿಕದ ಬಾಡಿ ಶಾಪ್‌ಗಳಲ್ಲಿ ಮುಂದಿನದು ಫೆಂಡರ್, ಹಿಂದಿನದು ಕ್ವಾರ್ಟರ್ ಪ್ಯಾನೆಲ್. ಸಾಮಾನ್ಯವಾಗಿ ಫೆಂಡರನ್ನು ಬೋಲ್ಟ್ ಬಿಚ್ಚಿ ಬದಲಿಸಬಹುದು, ಆದರೆ ಕ್ವಾರ್ಟರ್ ಪ್ಯಾನೆಲ್ ಬಾಡಿಗೇ ಬೆಸೆದಿರುವುದರಿಂದ ಅದನ್ನು ಕತ್ತರಿಸಿ ವೆಲ್ಡ್ ಮಾಡಬೇಕಾಗುತ್ತದೆ. ಇನ್ಶೂರೆನ್ಸ್‌ನವರಿಗೆ ಫೋನಿನಲ್ಲಿ ಪೆಟ್ಟಿನ ವಿವರ ಹೇಳುವಾಗ ಎರಡನ್ನೂ ಬೆರೆಸಿದರೆ ಖರ್ಚಿನ ಅಂದಾಜೇ ತಲೆಕೆಳಗಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಗೊತ್ತಿಲ್ಲದ ಪದಗಳಿಂದ ಅಪಾಯವಿಲ್ಲ, ಏಕೆಂದರೆ ಕೇಳಿದವರು ‘ಏನದು?’ ಎಂದು ತಿರುಗಿ ಕೇಳುತ್ತಾರೆ. ಎರಡೂ ಕಡೆ ಇದ್ದು ಬೇರೆ ಬೇರೆ ಅರ್ಥ ಕೊಡುವ ಪದಗಳೇ ಮೋಸ ಮಾಡುವುದು, ಏಕೆಂದರೆ ಅಲ್ಲಿ ಇಬ್ಬರೂ ತಲೆಯಾಡಿಸಿ ಮುಂದೆ ಹೋಗುತ್ತಾರೆ.

ಬೂಟ್ ಅಂಥ ಪದ. ಅಮೆರಿಕದ ನಗರಗಳಲ್ಲಿ ಕಾರಿಗೆ ಬೂಟ್ ಹಾಕಿದ್ದಾರೆ ಎಂದರೆ, ಪಾರ್ಕಿಂಗ್ ದಂಡ ಕಟ್ಟದ ಕಾರಣ ಚಕ್ರಕ್ಕೆ ಹಳದಿಯೋ ಕಿತ್ತಳೆಯೋ ಬಣ್ಣದ ಕಬ್ಬಿಣದ ಬೀಗ ಜಡಿದಿದ್ದಾರೆ ಎಂದರ್ಥ. ಡೆನ್ವರ್ ನಗರದಲ್ಲಿ ಹುಟ್ಟಿದ್ದರಿಂದ ಅದಕ್ಕೆ ಡೆನ್ವರ್ ಬೂಟ್ ಎಂಬ ಹೆಸರೂ ಇದೆ. ಮೆಕ್ಯಾನಿಕ್ ಬರೆದ ವರದಿಯಲ್ಲಿ ‘ಸಿವಿ ಬೂಟ್ ಹರಿದಿದೆ’ ಎಂದಿದ್ದರೆ ಅದು ಮೂರನೆಯ ಅರ್ಥ: ಮುಂದಿನ ಚಕ್ರಕ್ಕೆ ಹೋಗುವ ಆಕ್ಸಲ್‌ನ ಜಾಯಿಂಟನ್ನು ಮುಚ್ಚಿರುವ, ಮಡಿಕೆ ಮಡಿಕೆಯಾದ ರಬ್ಬರ್ ಕವಚ. ಅದು ಸೀಳಿದರೆ ಒಳಗಿನ ಗ್ರೀಸ್ ಚಿಮ್ಮಿ ಚಕ್ರದ ಒಳಮೈಗೆ ಕಪ್ಪಗೆ ಮೆತ್ತಿಕೊಳ್ಳುತ್ತದೆ, ಜಾಯಿಂಟಿಗೆ ನೀರು ಮತ್ತು ಮಣ್ಣು ಸೇರುತ್ತವೆ, ಕೆಲವು ಕಾಲದ ನಂತರ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ್ ಟಕ್ ಎಂಬ ಸದ್ದು ಶುರುವಾಗುತ್ತದೆ. ಸದ್ದು ಬರುವ ಮೊದಲೇ ಕವಚ ಬದಲಿಸಿದರೆ ಇಡೀ ಆಕ್ಸಲ್ ಉಳಿಯುವ ಸಾಧ್ಯತೆ ಹೆಚ್ಚು. ಅಮೆರಿಕದಿಂದ ಬ್ರಿಟನ್ನಿಗೆ ವರ್ಗವಾಗಿ ಹೋಗುವವರು ಹುಡ್ ಬಗ್ಗೆಯೂ ತಿಳಿದಿರಬೇಕು. ಅಲ್ಲಿ ಅದು ತೆರೆದ ಕಾರಿನ ಬಟ್ಟೆಯ ಮೇಲ್ಛಾವಣಿ.

ಗ್ಯಾಸ್ ಎಂಬುದು ಇಲ್ಲಿ ಪೆಟ್ರೋಲ್ ಎಂಬುದು ಎಲ್ಲರಿಗೂ ಬೇಗ ತಿಳಿಯುತ್ತದೆ, ಪಂಪಿನ ಮೇಲಿನ ಅಂಕಿಗಳು ಮಾತ್ರ ಬೇಗ ತಿಳಿಯುವುದಿಲ್ಲ. ಭಾರತದಲ್ಲಿ 91 ಅಥವಾ 95 ಆಕ್ಟೇನ್ ಎಂದು ಕೇಳಿ ಬಂದವರು ಇಲ್ಲಿ 87 ಕಂಡು ಕಳಪೆಯೆಂದು ತಿಳಿದು, ದುಬಾರಿಯ ಪ್ರೀಮಿಯಂ ಹಾಕಿಸುತ್ತಾರೆ. ಅಳೆಯುವ ಕ್ರಮವೇ ಬೇರೆ: ಭಾರತ ಮತ್ತು ಬ್ರಿಟನ್ನಿನಲ್ಲಿ ರಿಸರ್ಚ್ ಆಕ್ಟೇನ್ ಸಂಖ್ಯೆಯನ್ನು ಬರೆದರೆ, ಅಮೆರಿಕದಲ್ಲಿ ರಿಸರ್ಚ್ ಮತ್ತು ಮೋಟರ್ ಎಂಬ ಎರಡು ಸಂಖ್ಯೆಗಳ ಸರಾಸರಿಯನ್ನು ಬರೆಯುತ್ತಾರೆ, ಇಲ್ಲಿಯ 87 ಅಲ್ಲಿಯ ಸುಮಾರು 91ಕ್ಕೆ ಸಮ. ನಿಮ್ಮ ಕಾರಿನ ಕೈಪಿಡಿ 87 ಸಾಕೆಂದರೆ ಸಾಕು. ಗ್ಯಾಲನ್ ಕೂಡ ಒಂದೇ ಅಲ್ಲ; ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದು 4.546 ಲೀಟರ್ ಆಗಿರುವುದರಿಂದ, ಎರಡು ದೇಶಗಳ ಮೈಲೇಜ್ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬಾರದು. ಪಂಪಿನ ಹಿಡಿಕೆಯ ಬಣ್ಣವನ್ನಂತೂ ನಂಬಲೇಬೇಡಿ. ಬ್ರಿಟನ್ನಿನಲ್ಲಿ ಹಸಿರು ಹಿಡಿಕೆ ಪೆಟ್ರೋಲಿನದು. ಅಮೆರಿಕದ ಹೆಚ್ಚಿನ ಬಂಕ್‌ಗಳಲ್ಲಿ ಹಸಿರು ಡೀಸೆಲಿನದು, ಕೆಲವು ಕಡೆ ಅದಕ್ಕೂ ತದ್ವಿರುದ್ಧ. ಹಿಡಿಕೆಯ ಮೇಲಿನ ಬರಹವನ್ನು ಓದಿಯೇ ತುಂಬಿಸಿ.

ಡ್ರೈವಿಂಗ್ ಟೆಸ್ಟಿಗೆ ಹೋಗುವವರು ಕೆಲವು ಪದಗಳನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಗಾಡಿ ಹೊರಡಿಸುವ ಮೊದಲು ಪರೀಕ್ಷಕರು ಡೀಫ್ರಾಸ್ಟರ್, ಎಮರ್ಜೆನ್ಸಿ ಫ್ಲ್ಯಾಷರ್, ಪಾರ್ಕಿಂಗ್ ಬ್ರೇಕ್ ಎಲ್ಲಿವೆ ಎಂದು ಕೇಳುತ್ತಾರೆ. ಮೊದಲನೆಯದು ಗಾಜಿನ ಮಂಜು ಬಿಡಿಸುವ ಸ್ವಿಚ್ಚು, ಎರಡನೆಯದು ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುವ ಕೆಂಪು ತ್ರಿಕೋನದ ಗುಂಡಿ, ಮೂರನೆಯದು ನಮ್ಮ ಹ್ಯಾಂಡ್ ಬ್ರೇಕ್. ಹೊಸ ಕಾರುಗಳಲ್ಲಿ ಅದು ಹಿಡಿಕೆಯ ರೂಪದಲ್ಲಿರದೆ ಬರೀ ಗುಂಡಿಯಾಗಿರಬಹುದು.

ಟೈರು ನೋಡಿದ ಮೆಕ್ಯಾನಿಕ್ ‘ಫೋರ್ ಥರ್ಟಿ ಸೆಕೆಂಡ್ಸ್’ ಎಂದರೆ ಅದು ಸಮಯದ ಲೆಕ್ಕವಲ್ಲ. ಟೈರಿನ ಗೀರುಗಳ ಆಳ ಒಂದು ಇಂಚಿನ 32ನೇ ಭಾಗದಲ್ಲಿ ನಾಲ್ಕು ಉಳಿದಿದೆ ಎಂದರ್ಥ. ಎರಡಕ್ಕೆ ಇಳಿದರೆ, ಎಂದರೆ ಸುಮಾರು 1.6 ಮಿಲಿಮೀಟರಿಗೆ ಬಂದರೆ, ಹೆಚ್ಚಿನ ರಾಜ್ಯಗಳ ಕಾನೂನಿನಂತೆ ಟೈರಿನ ಆಯುಷ್ಯ ಮುಗಿಯಿತು. ಬ್ರಿಟನ್ನಿನ ಮಿತಿಯೂ ಅದೇ 1.6 ಮಿಲಿಮೀಟರ್.

ಕಡೆಯದಾಗಿ ಎಡಬಲದ ವಿಚಾರ. ನಮ್ಮಲ್ಲಿ ಡ್ರೈವರ್ ಸೈಡ್ ಎಂದರೆ ಬಲಗಡೆ, ಇಲ್ಲಿ ಎಡಗಡೆ. ಎಡಬಲವನ್ನು ಯಾವಾಗಲೂ ಸೀಟಿನಲ್ಲಿ ಮುಂದೆ ನೋಡುತ್ತ ಕುಳಿತವರ ಲೆಕ್ಕದಲ್ಲಿ ಹೇಳುತ್ತಾರೆ, ಕಾರಿನ ಎದುರು ನಿಂತು ನೋಡುವವರ ಲೆಕ್ಕದಲ್ಲಲ್ಲ. ಬ್ರಿಟನ್ನಿನಲ್ಲಿ ಕಾರುಗಳಿಗೆ ಕಡ್ಡಾಯವಾದ ಎಂಒಟಿ ಎಂಬ ವಾರ್ಷಿಕ ತಪಾಸಣೆಯ ಕಾಗದದಲ್ಲಿ ಫುಟ್‌ಪಾತಿನ ಕಡೆಯ ಎಡಭಾಗ ನಿಯರ್‌ಸೈಡ್, ಬಲಭಾಗ ಆಫ್‌ಸೈಡ್. ಹೆಡ್‌ಲೈಟನ್ನೋ ಪಕ್ಕದ ಕನ್ನಡಿಯನ್ನೋ ಅಂಗಡಿಯಿಂದ ತರಿಸುವಾಗ ಹೆಸರಿನ ಜೊತೆ ಈ ಬದಿಯನ್ನೂ, 17 ಅಕ್ಷರಗಳ ವಿನ್ ಸಂಖ್ಯೆಯನ್ನೂ ಕೊಡಿ. ನಾವು ಚಾಸಿಸ್ ನಂಬರ್ ಎನ್ನುವುದು ಅದನ್ನೇ; ಇಲ್ಲಿಯ ಕಾರುಗಳಲ್ಲಿ ಹೊರಗೆ ನಿಂತು ಚಾಲಕನ ಬದಿಯ ವಿಂಡ್‌ಶೀಲ್ಡಿನ ಕೆಳ ಮೂಲೆಯನ್ನು ನೋಡಿದರೆ ಡ್ಯಾಶ್‌ಬೋರ್ಡಿನ ಮೇಲೆ ಕಾಣಿಸುತ್ತದೆ.