ಒಂದೇ ಹೆಡ್‌ಫೋನ್‌ಗೆ ಮೊಬೈಲ್, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೆ ಜೋಡಿಸುವುದು ಹೇಗೆ?

ಹೆಡ್‌ಫೋನ್ ಡಬ್ಬಿಯ ಮೇಲೆ ‘8 ಸಾಧನಗಳಿಗೆ ಪೇರ್ ಆಗುತ್ತದೆ’ ಎಂದಿದ್ದರೆ ಎಂಟರಲ್ಲೂ ಒಟ್ಟಿಗೆ ಕೆಲಸ ಮಾಡುತ್ತದೆ ಎಂದುಕೊಳ್ಳಬೇಡಿ. ಪೇರ್ ಆದರೆ ಹೆಡ್‌ಫೋನ್ ಆ ಸಾಧನವನ್ನು ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಎರಡು ಸಾಧನಗಳಿಗೆ ಏಕಕಾಲಕ್ಕೆ ಕನೆಕ್ಟ್ ಆಗಿರಬೇಕಾದರೆ ಮಲ್ಟಿಪಾಯಿಂಟ್ ಸೌಲಭ್ಯ ಬೇಕು. ಮಲ್ಟಿಪಾಯಿಂಟ್ ಇರುವ ಹೆಚ್ಚಿನ ಮಾಡೆಲ್‌ಗಳಲ್ಲೂ ಮಿತಿ ಎರಡೇ. ಬ್ಲೂಟೂತ್ 5.2, 5.3 ಎಂಬ ಆವೃತ್ತಿ ಸಂಖ್ಯೆ ನೋಡಿ ಇದನ್ನು ಊಹಿಸಲಾಗದು. ಹೊಸ ಆವೃತ್ತಿಯಿದ್ದೂ ಮಲ್ಟಿಪಾಯಿಂಟ್ ಇಲ್ಲದ ಇಯರ್‌ಬಡ್‌ಗಳು ಎಷ್ಟೋ ಇವೆ. ವಿವರಪಟ್ಟಿಯಲ್ಲಿ ‘ಮಲ್ಟಿಪಾಯಿಂಟ್’ ಅಥವಾ ‘ಡ್ಯುಯಲ್ ಕನೆಕ್ಷನ್’ ಎಂಬ ಪದ ಇದೆಯೇ ಎಂದೇ ನೋಡಬೇಕು.

ಮೊದಲು ಕಂಪನಿಯ ಆ್ಯಪ್ ತೆರೆದು ಈ ಆಯ್ಕೆ ಆನ್ ಆಗಿದೆಯೇ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಇದು ಆಫ್ ಆಗಿಯೇ ಬರುತ್ತದೆ. ಸೋನಿಯ ಆ್ಯಪ್‌ನಲ್ಲಿ, ಉದಾಹರಣೆಗೆ, ಎರಡು ಸಾಧನಗಳಿಗೆ ಏಕಕಾಲಕ್ಕೆ ಕನೆಕ್ಟ್ ಆಗಲು ಪ್ರತ್ಯೇಕ ಸ್ವಿಚ್ಚೇ ಇದೆ. ಕೆಲವು ಹೆಡ್‌ಫೋನ್‌ಗಳಲ್ಲಿ ಇದನ್ನು ಆನ್ ಮಾಡಿದರೆ ಎಲ್‌ಡಿಎಸಿಯಂಥ ಉನ್ನತ ಗುಣಮಟ್ಟದ ಕೋಡೆಕ್ (ಶಬ್ದವನ್ನು ಕುಗ್ಗಿಸಿ ಕಳಿಸುವ ವಿಧಾನ) ಸಿಗದು. ಹಾಡಿನ ಗುಣಮಟ್ಟ ಮುಖ್ಯವೋ ಅನುಕೂಲ ಮುಖ್ಯವೋ ಎಂದು ನೀವೇ ತೀರ್ಮಾನಿಸಬೇಕು.

ಇನ್ನು ಜೋಡಣೆ. ಪೇರಿಂಗ್ ಮೋಡ್‌ಗೆ ಹೋಗಲು ಪವರ್ ಅಥವಾ ಬ್ಲೂಟೂತ್ ಬಟನ್ ಅನ್ನು ಲೈಟ್ ಬೇಗ ಬೇಗ ಮಿನುಗುವವರೆಗೆ ಒತ್ತಿಹಿಡಿಯಿರಿ. ಸಾಮಾನ್ಯವಾಗಿ 5ರಿಂದ 7 ಸೆಕೆಂಡ್ ಸಾಕು. ಇಯರ್‌ಬಡ್ ಆದರೆ ಈ ಬಟನ್ ಹೆಚ್ಚಾಗಿ ಕೇಸ್‌ನ ಮೇಲಿರುತ್ತದೆ. ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಕಂಡಾಗ ಒತ್ತಿ ಪೇರ್ ಮಾಡಿ. ಆಮೇಲೆ ಮೊಬೈಲಿನ ಬ್ಲೂಟೂತ್ ಆಫ್ ಮಾಡಿ. ಈ ಹಂತ ಬಿಟ್ಟರೆ ಕೆಲವು ಹೆಡ್‌ಫೋನ್‌ಗಳು ಮೊಬೈಲಿಗೇ ಅಂಟಿಕೊಂಡು ಲ್ಯಾಪ್‌ಟಾಪ್‌ಗೆ ಕಾಣಿಸುವುದೇ ಇಲ್ಲ. ಹೆಡ್‌ಫೋನನ್ನು ಮತ್ತೆ ಪೇರಿಂಗ್ ಮೋಡ್‌ಗೆ ತಂದು ಲ್ಯಾಪ್‌ಟಾಪ್‌ಗೆ ಪೇರ್ ಮಾಡಿ. ಕೊನೆಗೆ ಮೊಬೈಲಿನ ಬ್ಲೂಟೂತ್ ಆನ್ ಮಾಡಿ, ಪಟ್ಟಿಯಲ್ಲಿ ಹೆಡ್‌ಫೋನ್ ಹೆಸರನ್ನು ಒಮ್ಮೆ ಒತ್ತಿ. ಈಗ ಎರಡರಲ್ಲೂ ‘ಕನೆಕ್ಟೆಡ್’ ಎಂದು ತೋರಿಸಬೇಕು. ಒಂದರಲ್ಲಿ ಬಂದಾಗ ಇನ್ನೊಂದರಲ್ಲಿ ಹೋಗುತ್ತಿದ್ದರೆ ಮಲ್ಟಿಪಾಯಿಂಟ್ ಆನ್ ಆಗಿಲ್ಲ, ಇಲ್ಲವೇ ಆ ಮಾಡೆಲ್‌ನಲ್ಲಿ ಇಲ್ಲವೇ ಇಲ್ಲ.

ಜೋಡಿಸಿದ ಮೇಲಿನ ಗೊಂದಲವೇ ಹೆಚ್ಚು. ಸಾಮಾನ್ಯ ಮಲ್ಟಿಪಾಯಿಂಟ್‌ನಲ್ಲಿ ಎರಡೂ ಕಡೆಯ ಶಬ್ದ ಬೆರೆತು ಕೇಳುವುದಿಲ್ಲ. ಒಂದು ಹೊತ್ತಿಗೆ ಒಂದರದೇ ಸರದಿ. ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಓಡುತ್ತಿರುವಾಗ ಮೊಬೈಲಿನಲ್ಲಿ ಹಾಡು ಹಾಕಿದರೆ ಕೆಲವು ಹೆಡ್‌ಫೋನ್‌ಗಳು ತಕ್ಷಣ ಹಾಡಿಗೆ ಹಾರುತ್ತವೆ. ಮತ್ತೆ ಕೆಲವು, ವಿಡಿಯೊ ನಿಲ್ಲಿಸುವ ತನಕ ಹಾಡನ್ನು ಕೇಳಿಸುವುದೇ ಇಲ್ಲ. ಯಾವ ಬಗೆಯದಾದರೂ, ಮೊದಲಿನದನ್ನು ನಿಲ್ಲಿಸಿ ಎರಡನೆಯದನ್ನು ಶುರುಮಾಡಿದರೆ ತೊಂದರೆಯಿಲ್ಲ. ಫೋನ್ ಕರೆಗೆ ಮಾತ್ರ ಸಾಮಾನ್ಯವಾಗಿ ಮೊದಲ ಮಣೆ. ಕರೆ ಬಂದರೆ ಉಳಿದದ್ದೆಲ್ಲ ನಿಲ್ಲುತ್ತದೆ.

‘ಕನೆಕ್ಟ್ ಆಗಿದೆ, ಆದರೆ ಶಬ್ದವಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ: ಇನ್ನೊಂದು ಸಾಧನ ದಾರಿ ಹಿಡಿದು ಕೂತಿರುತ್ತದೆ. ಮ್ಯೂಟ್ ಮಾಡಿದ ವಿಡಿಯೊ, ಹಿನ್ನೆಲೆಯಲ್ಲಿ ತೆರೆದಿರುವ ಬ್ರೌಸರ್ ಟ್ಯಾಬ್, ಕೀ ಒತ್ತಿದಾಗಿನ ಸದ್ದು, ಮೇಲ್ ಬಂದಾಗಿನ ‘ಟಿಣ್’ ಕೂಡ ಹೆಡ್‌ಫೋನ್‌ನ ಲೆಕ್ಕದಲ್ಲಿ ಆಡಿಯೊವೇ. ಲ್ಯಾಪ್‌ಟಾಪ್‌ನ ಸಿಸ್ಟಮ್ ಸೌಂಡ್, ಮೊಬೈಲಿನ ಕೀಬೋರ್ಡ್ ಸದ್ದು ಎರಡನ್ನೂ ಆಫ್ ಮಾಡಿಬಿಡಿ, ಅರ್ಧ ಕಿರಿಕಿರಿ ಅಲ್ಲಿಗೇ ಮುಗಿಯುತ್ತದೆ. ಟಿವಿಯನ್ನು ಎರಡನೆಯ ಸಾಧನವಾಗಿ ಇಟ್ಟುಕೊಳ್ಳುವುದು ಅಷ್ಟು ಒಳ್ಳೆಯ ಉಪಾಯವಲ್ಲ. ಪರದೆಯಲ್ಲಿ ಏನೂ ಓಡದಿದ್ದಾಗಲೂ ಕೆಲವು ಟಿವಿಗಳು ಆಡಿಯೊ ಕಳಿಸುತ್ತಲೇ ಇರುತ್ತವೆ.

ಮೀಟಿಂಗ್ ಶುರುವಾದೊಡನೆ ಧ್ವನಿ ಹಳೆಯ ಟೆಲಿಫೋನ್‌ನಂತೆ ಕೇಳತೊಡಗುವುದು ಇನ್ನೊಂದು ತಲೆನೋವು. ಹಾಡು ಕೇಳಿಸಲು ಬ್ಲೂಟೂತ್ ಎ2ಡಿಪಿ ಎಂಬ ಪ್ರೊಫೈಲ್ (ಒಂದು ಬಗೆಯ ಕೆಲಸಕ್ಕೆಂದೇ ಇರುವ ಸಂಪರ್ಕ ಕ್ರಮ) ಬಳಸುತ್ತದೆ, ಅದು ಒಮ್ಮುಖ. ಹೆಡ್‌ಫೋನ್‌ನ ಮೈಕ್ ಬೇಕೆಂದರೆ ಹ್ಯಾಂಡ್ಸ್‌ಫ್ರೀ ಪ್ರೊಫೈಲ್‌ಗೆ ಬದಲಾಗಬೇಕು, ಅಲ್ಲಿ ಸ್ಯಾಂಪ್ಲಿಂಗ್ (ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಲಾಗುತ್ತದೆ ಎಂಬುದು) ಸಾಮಾನ್ಯವಾಗಿ 8 ಅಥವಾ 16 ಕಿಲೊಹರ್ಟ್ಸ್‌ಗೆ ಇಳಿಯುತ್ತದೆ, ಸ್ಟೀರಿಯೊ ಹೋಗುತ್ತದೆ. ಕೆಟ್ಟಿರುವುದು ಹೆಡ್‌ಫೋನ್ ಅಲ್ಲ. ಮೀಟಿಂಗ್ ಆ್ಯಪ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಎಂದು ಲ್ಯಾಪ್‌ಟಾಪ್‌ನದನ್ನೂ ಸ್ಪೀಕರ್ ಎಂದು ಹೆಡ್‌ಫೋನನ್ನೂ ಆರಿಸಿ. ಗಲಾಟೆಯ ಜಾಗದಲ್ಲಿ ಮಾತ್ರ ಹೆಡ್‌ಫೋನ್ ಮೈಕ್ ವಾಸಿ.

ಆಂಡ್ರಾಯ್ಡ್‌ನಲ್ಲಿ ಒಂದು ಉಪಯುಕ್ತ ಸೌಲಭ್ಯವಿದೆ: ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನ್ ಹೆಸರಿನ ಪಕ್ಕದ ಗಿಯರ್ ಚಿಹ್ನೆ ಒತ್ತಿದರೆ ಕರೆ, ಮೀಡಿಯಾ ಎರಡಕ್ಕೂ ಬೇರೆ ಬೇರೆ ಸ್ವಿಚ್ ಸಿಗುತ್ತವೆ. ಮೀಡಿಯಾ ಆಫ್ ಮಾಡಿ ಕರೆ ಮಾತ್ರ ಉಳಿಸಿದರೆ ಮೊಬೈಲ್ ಸುಮ್ಮನಿದ್ದು ಕರೆ ಬಂದಾಗಷ್ಟೇ ನಡುವೆ ಬರುತ್ತದೆ. ಕೆಲಸದ ಲ್ಯಾಪ್‌ಟಾಪ್ ಮುಖ್ಯವಾಗಿರುವವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ.

ಏರ್‌ಪಾಡ್ಸ್ ವಿಷಯ ಬೇರೆ. ಒಂದೇ ಆ್ಯಪಲ್ ಖಾತೆಯ ಐಫೋನ್, ಐಪ್ಯಾಡ್, ಮ್ಯಾಕ್ ನಡುವೆ ಅವು ತಾವಾಗಿ ಬದಲಾಗುತ್ತವೆ. ಈ ಸೌಲಭ್ಯ ಬಂದದ್ದು 2020ರಲ್ಲಿ, ಐಒಎಸ್ 14ರ ಜೊತೆ. ವಿಂಡೋಸ್ ಲ್ಯಾಪ್‌ಟಾಪ್ ನಡುವೆ ಬಂದರೆ ಮಾತ್ರ ಕೈಯಾರೆ ಕನೆಕ್ಟ್ ಮಾಡಬೇಕು. ಬೇಡದ ಹೊತ್ತಿನಲ್ಲಿ ಐಫೋನ್‌ಗೆ ಹಾರುತ್ತಿದ್ದರೆ, ಬ್ಲೂಟೂತ್ ಸೆಟ್ಟಿಂಗ್ಸ್‌ನಲ್ಲಿ ಏರ್‌ಪಾಡ್ಸ್ ವಿವರ ತೆರೆದು, ಈ ಐಫೋನ್‌ಗೆ ಕನೆಕ್ಟ್ ಆಗುವ ಆಯ್ಕೆಯನ್ನು ‘ಸ್ವಯಂಚಾಲಿತ’ದಿಂದ ‘ಕೊನೆಯ ಬಾರಿ ಇದಕ್ಕೇ ಕನೆಕ್ಟ್ ಆಗಿದ್ದಾಗ’ ಎಂಬುದಕ್ಕೆ ಬದಲಿಸಿ. ಗ್ಯಾಲಕ್ಸಿ ಬಡ್ಸ್ ಕೂಡ ಒಂದೇ ಸ್ಯಾಮ್‌ಸಂಗ್ ಖಾತೆಯ ಸಾಧನಗಳ ನಡುವೆ ಹೀಗೆಯೇ ಬದಲಾಗುತ್ತವೆ.

ಶಬ್ದ ಕಡಿದು ಕಡಿದು ಬಂದರೆ, ಬ್ಲೂಟೂತ್ ಮತ್ತು ಹಳೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಓಡುತ್ತವೆ ಎಂಬುದು ನೆನಪಿರಲಿ. ಲ್ಯಾಪ್‌ಟಾಪ್‌ನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ. ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಕೂಡ ಈ ಅಲೆಗಳನ್ನು ಕೆಡಿಸಬಹುದು, ಬ್ಲೂಟೂತ್ ಡಾಂಗಲ್‌ನಿಂದ (ಲ್ಯಾಪ್‌ಟಾಪ್‌ಗೆ ಚುಚ್ಚುವ ಪುಟ್ಟ ಬ್ಲೂಟೂತ್ ಸಾಧನ) ಅದನ್ನು ದೂರವಿಡಿ.

ಮೂರನೆಯ ಸಾಧನ ಬೇಕಾದಾಗ ಎರಡರಲ್ಲಿ ಒಂದನ್ನು ಡಿಸ್‌ಕನೆಕ್ಟ್ ಮಾಡಿಯೇ ಜೋಡಿಸಿ. ಯಾವುದು ಹೋಗಬೇಕೆಂಬುದನ್ನು ಹೆಡ್‌ಫೋನ್‌ಗೆ ಬಿಡಬೇಡಿ. ಯಾವುದಕ್ಕೂ ಬಗ್ಗದಿದ್ದರೆ ಎಲ್ಲ ಸಾಧನಗಳ ಪಟ್ಟಿಯಿಂದಲೂ ಹೆಡ್‌ಫೋನ್ ಹೆಸರು ಅಳಿಸಿ, ಕೈಪಿಡಿಯಲ್ಲಿರುವಂತೆ ರಿಸೆಟ್ ಮಾಡಿ, ಮೊದಲಿನಿಂದ ಪೇರ್ ಮಾಡಿ. ಒಂದೇ ಕಡೆ ಅಳಿಸಿದರೆ ಇನ್ನೊಂದು ಕಡೆ ಹಿಂದಿನ ಪೇರಿಂಗ್‌ನ ಗುಪ್ತ ಕೀಲಿ ಉಳಿದು, ಪೇರಿಂಗ್ ಮತ್ತೆ ಮತ್ತೆ ವಿಫಲವಾಗಬಹುದು.