ನಮ್ಮ ಹಿಮ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿದೆ

ನಮ್ಮ ಮಾಂಟೆಸರಿ ಶಾಲೆಯ ಪುಟ್ಟ ಮಕ್ಕಳಿಗೆ ನಮ್ಮೂರ ಚಳಿಗಾಲವನ್ನ ತೋರಿಸೋ ಕೆಲಸ ಮೂರನೇ ಚಳಿಗಾಲಕ್ಕೆ ಕೊನೆಗೂ ಕೈಹತ್ತಿತು. "ಚಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೇನೇ ಮಕ್ಕಳನ್ನ ಹೊರಗೆ ಬಿಡ್ತೀಯಾ? ಫೀಸು ವಾಪಸ್ ಕೇಳ್ತಾರೆ, ನೋಡ್ತಿರು" ಅಂದಿದ್ದ ಗೆಳತಿಯೇ ಈ ಜನವರಿಯಲ್ಲಿ ತನ್ನ ಶಾಲೆಯ ಇಬ್ಬರು ಆಂಟಿಯರನ್ನ (ನಮ್ಮಲ್ಲಿ ಟೀಚರಿಗೆ ಹಾಗನ್ನೋದು) ನಮ್ಮಲ್ಲಿಗೆ ನೋಡಿಕೊಂಡು ಬರೋಕೆ ಕಳಿಸಿದ್ದಳು. ಅವರಿಗೆ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೀತಿದ್ದೀನಿ. ಒಂದೆರಡು ವಿಷಯ ಅವರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ನಮ್ಮದು ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆಗೆ ಹಿಡಿದ ಹಳೇ ಮನೆ. ಹಿಂದೆ ಒಂದಿಷ್ಟು ಹುಲ್ಲು, ಕಾಂಪೌಂಡಿಗೆ ಒತ್ತಿಕೊಂಡು ಒಂದು ಹೊಂಗೆ ಮರ. ಎರಡೂವರೆಯಿಂದ ಆರು ವರ್ಷದವರೆಗಿನ 22 ಮಕ್ಕಳು, ನಾನು, ಇನ್ನೊಬ್ಬ ಆಂಟಿ, ಮಾಗಡಿ ಕಡೆಯ ಆಯಮ್ಮ.

ಮೊದಲ ವರ್ಷ ನಾನೂ ಎಲ್ಲರ ಹಾಗೇ 'ವಿಂಟರ್ ಥೀಮ್' ಮಾಡಿದೆ. ಹತ್ತಿಯ ಹಿಮಮಾನವ, ಥರ್ಮಾಕೋಲಿನ ಮಂಜು, ಗೋಡೆಗೆ ಪೆಂಗ್ವಿನ್. ಸುಮಾರು 6,500 ರೂಪಾಯಿ ಖರ್ಚು. ಅಪ್ಪ ಅಮ್ಮಂದಿರು ಫೋಟೋ ತೆಗೆದಿದ್ದೇ ತೆಗೆದಿದ್ದು. ಮೂರನೇ ದಿನ ಒಬ್ಬ ಪುಣ್ಯಾತ್ಮ ಥರ್ಮಾಕೋಲಿನ ಗುಂಡನ್ನ ಮೂಗಿಗೆ ತುರುಕಿಕೊಂಡ. ಡಾಕ್ಟರು, ಆಟೋ, ಅವನ ತಾಯಿಯ ಮುಂದೆ ನನ್ನ ಕೈಕಟ್ಟಿದ ಭಂಗಿ. ಅದೆಲ್ಲ ಹೋಗಲಿ. ಒಂದು ತಿಂಗಳು ಹಿಮದ ಬಗ್ಗೆ ಮಾತಾಡಿದ ಮೇಲೆ ಒಬ್ಬಳು ಬಂದು "ಆಂಟಿ, ಚಳಿಗಾಲ ನಮ್ಮೂರಿಗೆ ಯಾವಾಗ ಬರತ್ತೆ?" ಅಂದಳು. ಅವಳು ಸ್ವೆಟರು, ಮಂಕಿಕ್ಯಾಪು ಎರಡೂ ಹಾಕಿಕೊಂಡೇ ನಿಂತಿದ್ದಳು. ಅವತ್ತೇ ಹತ್ತಿಯನ್ನೆಲ್ಲ ಕಿತ್ತು ದಿಂಬಿಗೆ ತುಂಬಿಸಿದೆ.

ಎರಡನೇ ವರ್ಷ ಹೊರಗೆ ಹೊರಟೆವು, ಇಬ್ಬನಿ ನೋಡೋಕೆ. ಮಕ್ಕಳ ಶೂ ನೆನೆಯತ್ತೆ ಅಂತ 22 ಜೊತೆ ಗಮ್‌ಬೂಟು ತಂದೆ, ಒಂದು ಜೊತೆಗೆ 350ರ ಹಾಗೆ. ಲೆಕ್ಕ ನೀವೇ ಹಾಕಿಕೊಳ್ಳಿ, ನನಗೆ ಹಾಕೋಕೂ ಬೇಜಾರು. ಬೂಟು ಹಾಕಿಸೋಕೆ ಇಪ್ಪತ್ತು ನಿಮಿಷ, ಬಿಚ್ಚೋಕೆ ಇನ್ನೊಂದು ಇಪ್ಪತ್ತು. ಮಗು ತಾನೇ ಮಾಡಬೇಕು ಅಂತ ಹೇಳಿಕೊಂಡು ಓಡಾಡೋ ನಾವು ಸಾಲಾಗಿ ಕೂತು ಬೂಟು ಎಳೀತಿದ್ವಿ. ಅಷ್ಟರಲ್ಲಿ ಹುಲ್ಲು ಒಣಗಿರೋದು. ಕ್ಲಾಸು ಶುರುವಾಗೋದೇ ಎಂಟೂಮುಕ್ಕಾಲಕ್ಕೆ, ಬಿಸಿಲು ಬಿದ್ದ ಕಡೆ ಇಬ್ಬನಿ ಎಲ್ಲಿ ಉಳಿಯತ್ತೆ? ಟೈಮು ಎಂಟೂಕಾಲಕ್ಕೆ ಮಾಡೋಣ ಅಂದೆ. ಪೋಷಕರ ಸಭೆಯಲ್ಲಿ ಅಜ್ಜಿಯೊಬ್ಬರು ಎದ್ದು ನಿಂತು "ನೀವು ಮಕ್ಕಳನ್ನ ಓದಿಸ್ತೀರೋ ಥಂಡಿ ಹಿಡಿಸ್ತೀರೋ?" ಅಂತ ಕೇಳಿದರು. ಚಪ್ಪಾಳೆ ಬಿತ್ತು. ನನಗಲ್ಲ.

ಆ ವರ್ಷದ ದೊಡ್ಡ ಸೋಲು ಅವರೆ. ಫೆಬ್ರವರಿಯಲ್ಲಿ ಮಕ್ಕಳು ಬಿಡಿಸಿದ ಅವರೆಕಾಯಿಯಲ್ಲೇ ಚೆನ್ನಾಗಿ ಬಲಿತು ಒಣಗಿದ ಬೀಜ ಆರಿಸಿ ಕಾಂಪೌಂಡಿನುದ್ದಕ್ಕೂ ಊರಿದೆವು. ಬಂತು ನೋಡಿ ಬಳ್ಳಿ! ಹೊಂಗೆ ಹತ್ತಿತು, ಗೇಟು ಹತ್ತಿತು, ಪಕ್ಕದ ಮನೆಯವರ ಬಟ್ಟೆ ಒಣಹಾಕೋ ತಂತಿಗೂ ಹತ್ತಿತು. ಹೂವು ಮಾತ್ರ ಒಂದೂ ಇಲ್ಲ. ಗೊಬ್ಬರ ಕಮ್ಮಿಯೇನೋ ಅಂತ 800 ರೂಪಾಯಿಯ ಎರೆಗೊಬ್ಬರ ಸುರಿದೆ, ಇನ್ನಷ್ಟು ಎಲೆ ಬಂತು. ಜುಲೈನಲ್ಲಿ ಆಯಮ್ಮ ಗುಡಿಸ್ತಾ ಗುಡಿಸ್ತಾ ಅಂದರು, "ಬಿತ್ತಿದಾಗೆಲ್ಲ ಕಾಯಿ ಬಿಡಕ್ಕೆ ಇದೇನು ಬೀನ್ಸಾ ಮೇಡಮ್ಮೋರೆ? ಹೊತ್ತು ಕುಗ್ಗದೆ ಅವರೆ ಹೂವು ಬಿಡಾಕಿಲ್ಲ." ಐದು ತಿಂಗಳು ಯಾಕೆ ಹೇಳಲಿಲ್ಲ ಅಂದರೆ "ನೀವು ಕೇಳಲಿಲ್ವಲ್ಲ."

ನಾಟಿ ಅವರೆ ಹಗಲು ಕಿರಿದಾಗೋದನ್ನ ಕಾಯೋ ಗಿಡ. ಚಳಿಗಲ್ಲ, ಉದ್ದನೆ ರಾತ್ರಿಗೆ ಅದು ಹೂ ಬಿಡೋದು. ಅದಕ್ಕೇ ರೈತರು ಮಳೆಗಾಲದಲ್ಲಿ ಬಿತ್ತಿ, ಚಳಿಗಾಲದಲ್ಲಿ ಕುಯ್ಯೋದು. ಯಾವ ಕಾಲದಲ್ಲಾದರೂ ಹೂ ಬಿಡೋ ತಳಿ ಬೇಕಿದ್ದರೆ ಜಿ.ಕೆ.ವಿ.ಕೆ.ಯವರ (ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ) ಹೆಬ್ಬಾಳ ಅವರೆ ಇದೆ, ಎಚ್.ಎ. 3, ಎಚ್.ಎ. 4. ಆದರೆ ನಾನು ಬೇಕಂತಲೇ ನಾಟಿಯನ್ನೇ ಉಳಿಸಿಕೊಂಡೆ. ನವೆಂಬರಿನಲ್ಲಿ ಆ ಸೋಮಾರಿ ಬಳ್ಳಿ ಒಂದೇ ವಾರದಲ್ಲಿ ಗೊಂಚಲು ಗೊಂಚಲು ಹೂವಾದಾಗ ಮಕ್ಕಳ ಮುಖ ನೋಡಬೇಕಿತ್ತು. ಹಗಲು ಕುಗ್ಗಿದ್ದು ಗಿಡಕ್ಕೆ ಗೊತ್ತಾಯ್ತಲ್ಲ, ನಮಗೆ ಹೇಗೆ ಗೊತ್ತಾಗತ್ತೆ? ಮೂರನೇ ವರ್ಷದ ಕೆಲಸವೆಲ್ಲ ಹುಟ್ಟಿದ್ದು ಈ ಪ್ರಶ್ನೆಯಿಂದ.

ಮೊದಲು ಇಬ್ಬನಿಯ ಸಮಸ್ಯೆ. ಟೈಮು ಬದಲಾಯಿಸೋ ಆಸೆ ಬಿಟ್ಟೆ, ಜಾಗ ಬದಲಾಯಿಸಿದೆ. ಡಿಸೆಂಬರಿನಲ್ಲಿ ಸೂರ್ಯ ಆಗ್ನೇಯಕ್ಕೆ ಸರಿದು ಹುಟ್ಟೋದರಿಂದ ಬೆಳಗಿನ ಮನೆ ನೆರಳು ವಾಯವ್ಯಕ್ಕೆ ಬೀಳತ್ತೆ. ಆ ಮೂಲೆಯಲ್ಲಿ ಒಡೆದ ಪಾಟು, ತುಕ್ಕು ಹಿಡಿದ ಸೈಕಲ್ಲು ಇದ್ದವು. ತೆಗೆಸಿ ಹುಲ್ಲು ಹಾಕಿಸಿದೆ, 1,200 ಆಯ್ತು. (ಮನೆ ಓನರು ವಾಸ್ತು ನೋಡಿ ಮಾಡಿದೆ ಅಂದುಕೊಂಡು ಖುಷಿಯಾದರು. ನಾನೂ ಹೂಂ ಅಂದೆ.) ಈಗ ಅಲ್ಲಿ ಒಂಬತ್ತೂವರೆವರೆಗೂ ಇಬ್ಬನಿ ಕೂತಿರತ್ತೆ.

ಬೂಟುಗಳನ್ನ ಅರ್ಧ ರೇಟಿಗೆ ಮಾರಿದೆ. ಮಕ್ಕಳು ಬರಿಗಾಲಲ್ಲಿ ಹುಲ್ಲು ತುಳೀತಾರೆ, ಬಂದು ಮಣೆ ಮೇಲೆ ಕೂತು ಮನೆಯಿಂದ ತಂದ ಹಳೇ ಟವೆಲಿನಲ್ಲಿ ಬೆರಳ ಸಂದಿಯೆಲ್ಲ ಒರೆಸಿಕೊಳ್ತಾರೆ. ಕಾಲು ಒರೆಸೋದೇ ಒಳ್ಳೇ ಇ.ಪಿ.ಎಲ್. (ದಿನನಿತ್ಯದ ಕೆಲಸ ತಾವೇ ಮಾಡಿ ಕಲಿಯೋ ಪಾಠ) ಆಯ್ತು, ಕಾಸಿನ ಖರ್ಚಿಲ್ಲ. ಉಬ್ಬಸ ಇರೋ ಇಬ್ಬರು ಮಕ್ಕಳನ್ನ ಬಿಸಿಲು ಬಂದ ಮೇಲೇ ಹೊರಗೆ ಬಿಡೋದು, ಅದರಲ್ಲಿ ರಾಜಿ ಇಲ್ಲ. ಅಜ್ಜಿಯಂದಿರನ್ನ ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಗುಟ್ಟು. ಎಳ್ಳು ಬೀರೋ ದಿನಕ್ಕೂ ಅದಕ್ಕೂ ಸಂಬಂಧ ಇದೆ ಅಂತಷ್ಟೇ ಹೇಳಬಲ್ಲೆ.

ಇಬ್ಬನಿಯ ಪಾಠಕ್ಕೆ ಬೇಕಾಗಿದ್ದು ಎರಡು ಸ್ಟೀಲ್ ತಟ್ಟೆ. ಸಂಜೆ ಆಯಮ್ಮ ಬೀಗ ಹಾಕೋ ಮುಂಚೆ ಒಂದನ್ನ ಬಯಲಲ್ಲಿ, ಇನ್ನೊಂದನ್ನ ಹೊಂಗೆ ಕೆಳಗೆ ಇಡ್ತಾರೆ. ಬೆಳಿಗ್ಗೆ ಬಯಲಿನ ತಟ್ಟೆ ಬೆವೆತಂತೆ ಒದ್ದೆ, ಮರದಡಿಯದು ಒಣಗಿದ್ದು. ಮೋಡ ಇದ್ದ ರಾತ್ರಿ ಎರಡೂ ಒಣಗಿದ್ದವು. ನಾನು ಏನೂ ವಿವರಿಸಲಿಲ್ಲ. ನಾಲ್ಕು ವರ್ಷದವನೊಬ್ಬ ಒದ್ದೆ ತಟ್ಟೆ ಮೇಲೆ ಬೆರಳಲ್ಲಿ 'ಅ' ಬರೆದ, ಕ್ಲಾಸಿನಲ್ಲಿ ಬೆರಳಾಡಿಸಿ ಕಲಿಯೋ ಸ್ಯಾಂಡ್‌ಪೇಪರ್ ಅಕ್ಷರದ ಮೇಲೆ ಸವರಿದ ಅದೇ ದಿಕ್ಕಿನಲ್ಲಿ. ಮಾರನೇ ದಿನದಿಂದ ತಟ್ಟೆಗೆ ಕ್ಯೂ. ಈಗ ಏಳು ತಟ್ಟೆ ಇವೆ.

ಆಮೇಲೆ ಕೊಬ್ಬರಿ ಎಣ್ಣೆ. ನಮ್ಮ ಊರಲ್ಲಿ ಹಿಮ ಬೀಳಲ್ಲ. 1884ರ ಜನವರಿ 13ರಂದು ಬೆಂಗಳೂರು 7.8 ಡಿಗ್ರಿಗೆ ಇಳಿದಿದ್ದೇ ಇಲ್ಲಿಯ ದಾಖಲೆ. ಆದರೆ ಎಣ್ಣೆ ಗಡ್ಡೆ ಕಟ್ಟೋಕೆ ಅಷ್ಟೆಲ್ಲ ಚಳಿ ಬೇಡ, 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ನಾಲ್ಕು ಪುಟ್ಟ ಗಾಜಿನ ಬಾಟಲಿಯಲ್ಲಿ ಎಣ್ಣೆ ಹಾಕಿ, ಬಿಗಿಯಾಗಿ ಮುಚ್ಚಿ, ಟ್ರೇನಲ್ಲಿಟ್ಟೆ. ಬೆಳಿಗ್ಗೆ ಬಿಳೀ ಗಡ್ಡೆ. ಒಂದು ಬಿಸಿಲಿಗೆ, ಒಂದು ನೆರಳಿಗೆ, ಒಂದು ಅಂಗೈಯಲ್ಲಿ, ಒಂದು ಕಂಕುಳಲ್ಲಿ. ಬಿಸಿಲಿನದೇ ಗೆಲ್ಲತ್ತೆ ಅಂದುಕೊಂಡಿದ್ದೆ, ಮೊದಲ ದಿನ ಕಂಕುಳು ಗೆದ್ದಿತು. ಎರಡೂವರೆ ವರ್ಷದ ಪುಟ್ಟಿಯೊಬ್ಬಳು ಅಂಚಿನಿಂದ ಎಣ್ಣೆ ತಿಳಿಯಾಗ್ತಾ, ಮಧ್ಯದ ಬಿಳಿ ದ್ವೀಪ ತೇಲೋದನ್ನ ಹತ್ತಿರ ಹತ್ತಿರ ಅರ್ಧ ಗಂಟೆ ನೋಡ್ತಾ ಕೂತಳು. ಅವಳು ಐದು ನಿಮಿಷಕ್ಕಿಂತ ಹೆಚ್ಚು ಒಂದು ಕಡೆ ಕೂತಿದ್ದನ್ನ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪೆಂಗ್ವಿನ್‌ಗೆ ಸುರಿದ ದುಡ್ಡು ಹೊಟ್ಟೆ ಉರಿಸಿದ್ದು ಆಗ.

ಇನ್ನು ಹಗಲು ಕುಗ್ಗಿದ್ದನ್ನ ನೆರಳಲ್ಲಿ ನೋಡೋಕೆ ರೆಡ್ ರಾಡ್, ಅಂದರೆ ಮಕ್ಕಳು ಉದ್ದ ಗಿಡ್ಡ ಕಲಿಯೋ ಕೆಂಪು ಕೋಲುಗಳು. ಇದಕ್ಕೆ ನಮ್ಮ ಮಾಂಟೆಸರಿಯವರೇ ಬೈದರು. ಸೆನ್ಸೋರಿಯಲ್ ಮೆಟೀರಿಯಲ್ಲನ್ನ (ಕಣ್ಣು, ಕೈ ಪಳಗಿಸೋ ಸಾಮಾನು) ಅಂಗಳಕ್ಕೆ ತರೋದು ಅಪಚಾರ ಅಂತ. ನಾನೂ ಮೊದಲ ಸಾರಿ ಅಳುಕಿದೆ. ಆದರೆ ಅತಿ ಉದ್ದದ ರಾಡ್ ಸರಿಯಾಗಿ ಒಂದು ಮೀಟರು, ಮಿಕ್ಕವು ಹತ್ತತ್ತು ಸೆಂಟಿಮೀಟರ್ ಕಮ್ಮಿ. ನೆರಳು ಅಳೆಯೋಕೆ ಇದಕ್ಕಿಂತ ಬೇರೆ ಏನು ಬೇಕು? ಈ ಪದ್ಧತಿ ಹುಟ್ಟುಹಾಕಿದ ಮಾರಿಯಾ ಮಾಂಟೆಸರಿ 1939ರಲ್ಲಿ ಮದ್ರಾಸಿಗೆ ಬಂದವರು ಯುದ್ಧದ ಕಾರಣ ಇಲ್ಲೇ ಉಳಿದು, ಕೊಡೈಕೆನಾಲಿನ ಚಳಿಯಲ್ಲಿ ಮಕ್ಕಳ ಜೊತೆ ಗಿಡ ಮರ ನೋಡ್ತಾ ಕೆಲಸ ಮಾಡಿದವರು. ಅವರು ಬೈತಿರಲಿಲ್ಲ ಅಂತ ನನ್ನ ನಂಬಿಕೆ. ಬೈದಿದ್ದರೂ ನಾನು ಮಾಡ್ತಿದ್ದೆ.

ನಮ್ಮೂರಲ್ಲಿ ಡಿಸೆಂಬರಿನ ನಡು ಮಧ್ಯಾಹ್ನ ಅಂದರೆ ಹನ್ನೆರಡೂ ಕಾಲು ದಾಟಿದ ಮೇಲೆ, ಮಕ್ಕಳು ಮನೆಗೆ ಹೊರಡೋ ಹೊತ್ತು. ದೊಡ್ಡ ರಾಡನ್ನ ಮರಳಿನ ಡಬ್ಬದಲ್ಲಿ ನಿಲ್ಲಿಸಿ, ಉತ್ತರಕ್ಕೆ ಬಿದ್ದ ನೆರಳಿನ ಪಕ್ಕ ಬೇರೆ ರಾಡ್ ಇಟ್ಟು ನೋಡ್ತಾರೆ. ಡಿಸೆಂಬರ್ 21ರ ಹೊತ್ತಿಗೆ ನೆರಳು, ಗಿಡ್ಡದರಿಂದ ಎಣಿಸಿದರೆ, ಏಳನೇ ರಾಡಿಗಿಂತ ಎರಡು ಬೆರಳು ಉದ್ದ. ಜನವರಿ ಕೊನೆಗೆ ಆರನೇ ರಾಡಿಗೆ ಸಮ. ಫೆಬ್ರವರಿ ಕೊನೆಗೆ ನಾಲ್ಕನೆಯದೇ ಒಂಚೂರು ಹೆಚ್ಚಾಯ್ತು. ಮರಳಿನ ಡಬ್ಬದಲ್ಲಿ ರಾಡ್ ಓರೆಯಾಗದ ಹಾಗೆ ನಿಲ್ಲಿಸೋಕೆ ಒಂದು ಉಪಾಯ ಇದೆ, ಅದಕ್ಕೆ ಎರಡು ವಾರ ಒದ್ದಾಡಿದ್ದೀನಿ. ನೀವೂ ಒದ್ದಾಡಿ.

ಅವರೆ ಬಿಡಿಸೋದರ ಬಗ್ಗೆ ಜಾಸ್ತಿ ಬರೆಯಲ್ಲ, ಎಲ್ಲರೂ ಮಾಡ್ತೀರಿ. ನಮ್ಮ ಬಳ್ಳಿಯದು ಸಾಲದೆ ವಾರಕ್ಕೆ ಮೂರು ಕೆಜಿ ತರಿಸಿದೆ, ಕೆಜಿ 60ರ ಆಸುಪಾಸು. ಹೇಳಬೇಕಾದ್ದು ಒಂದೇ: ನೆನೆಸಿದ ಕಾಳು ಹಿತುಕಿಸಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮತ್ತಲ್ಲ, ಪೆನ್ಸಿಲ್ ಹಿಡಿಯೋ ಬೆರಳುಗಳೇ ಅವು. ಹುಳ ಸಿಕ್ಕಿದರೆ ಕಿರುಚಬೇಡಿ, ಬಾಟಲಿಗೆ ಹಾಕಿ. ಸೊಗಡನ್ನ ಸ್ಮೆಲ್ಲಿಂಗ್ ಬಾಟಲಿಗೆ (ಮಕ್ಕಳು ವಾಸನೆ ಗುರುತಿಸೋ ಬಾಟಲಿ) ಹಿಡಿದಿಡೋ ಪ್ರಯತ್ನ ಮಾತ್ರ ಪೂರ್ತಿ ಕೆಟ್ಟಿತು. ಎರಡನೇ ದಿನಕ್ಕೇ ಬೂಸಲು ಹಿಡಿದು, ಮೂರನೇ ದಿನ ಆ ಶೆಲ್ಫಿನ ಹತ್ತಿರ ಯಾರೂ ಸುಳಿಯಲಿಲ್ಲ.

ಮೊಸರಿನದು ಪರವಾಗಿಲ್ಲ. ಒಂದೇ ಹಾಲು, ಒಂದೇ ಹೆಪ್ಪು, ಒಂದು ಬಟ್ಟಲು ಹಾಟ್‌ಬಾಕ್ಸಿನಲ್ಲಿ, ಒಂದು ಕಿಟಕಿಯಲ್ಲಿ. ಬೆಳಿಗ್ಗೆ ಕಿಟಕಿಯದು ಇನ್ನೂ ಹಾಲೇ. "ಅದಕ್ಕೂ ಸ್ವೆಟರ್ ಹಾಕಬೇಕಿತ್ತು" ಅಂತ ತೀರ್ಪಾಯ್ತು. ಹಕ್ಕಿಯ ವಿಷಯದಲ್ಲಿ ನಾನೇ ಎಡವಿದೆ. ಚಳಿಗಾಲಕ್ಕೆ ಉತ್ತರದಿಂದ ವಲಸೆ ಬರೋ ಬೂದು ಸಿಪಿಲೆ ದಿನಾ ನಮ್ಮ ಹುಲ್ಲಿಗೆ ಬಂದು ಬಾಲ ಕುಣಿಸತ್ತೆ. ಅದನ್ನ ನೋಡೋಕೆ ಸೈಲೆನ್ಸ್ ಗೇಮ್ ಇಟ್ಟೆ. ಆಯಮ್ಮ ಪಕ್ಕದಲ್ಲಿ ನಿಂತು ಅದಕ್ಕೆ ಕುಂಡೆಕುಸ್ಕ ಅಂತಾರೆ ಅಂದುಬಿಟ್ಟರು. ಒಂದು ವಾರ ಸೈಲೆನ್ಸೂ ಇಲ್ಲ, ಗೇಮೂ ಇಲ್ಲ, ಬರೀ ನಗು.

ಲೆಕ್ಕ ಹೇಳಿಬಿಡ್ತೀನಿ. ಮೊದಲೆರಡು ಚಳಿಗಾಲಕ್ಕೆ ಬೂಟು, ಗೊಬ್ಬರ, ಥರ್ಮಾಕೋಲು ಎಲ್ಲಾ ಸೇರಿ 15,000 ಖರ್ಚಾಯ್ತು. ಮೂರನೆಯದಕ್ಕೆ ಹುಲ್ಲು, ತಟ್ಟೆ, ಅವರೆ ಸೇರಿ 4,000 ದಾಟಲಿಲ್ಲ. ಮೊದಲು ಜನವರಿಯಲ್ಲಿ ದಿನಕ್ಕೆ 13-14 ಮಕ್ಕಳು ಬರ್ತಿದ್ದರು, ಈ ಸಾರಿ 18ಕ್ಕೆ ಇಳಿದ ದಿನ ಕಮ್ಮಿ. ಮೂಗು ಸೋರೋದು ಮೊದಲಿನಷ್ಟೇ ಇತ್ತು, ಸುಳ್ಳು ಹೇಳಲ್ಲ. ಆದರೆ ಹೊರಗಿಂದ ಬಂದು ಕೆಲಸಕ್ಕೆ ಮ್ಯಾಟ್ ಹಾಸಿದರೆ ಹನ್ನೊಂದೂವರೆವರೆಗೆ ಏಳೋರು ಅಪರೂಪ.

ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಲ್ಲಿ ನಡು ಮಧ್ಯಾಹ್ನ ನೆರಳೇ ಇಲ್ಲದ ದಿನ. ಆಗ ನಮಗೆ ಬೇಸಿಗೆ ರಜ. ಆದರೂ ಯಾವ ರಾಡೂ ಬೇಡದ ನೆರಳು ನೋಡೋಕೆ ಬರ್ತೀವಿ ಅಂತ ಒಂಬತ್ತು ಮಕ್ಕಳು ಹೆಸರು ಕೊಟ್ಟಿದ್ದಾರೆ, ಜೊತೆಗೆ ಚಪ್ಪಾಳೆ ಗಿಟ್ಟಿಸಿದ್ದ ಆ ಅಜ್ಜಿಯೂ. ಅಷ್ಟರೊಳಗೆ ದೊಡ್ಡ ರಾಡಿನ ಬುಡಕ್ಕೆ ಹೊಸ ಬಣ್ಣ ಹೊಡೆಸಬೇಕು. ಮರಳಿಗೆ ಉಜ್ಜಿ ಉಜ್ಜಿ ಒಂದು ಗೇಣು ಬಣ್ಣ ಹೋಗಿದೆ, ಪೇಂಟರು 200 ಕೇಳ್ತಿದ್ದಾನೆ.