ಅಘನಾಶಿನಿ ಅಳಿವೆಯಲ್ಲಿ ಗೊರವ ಹಕ್ಕಿಗಳನ್ನು ನೋಡುವುದು, ಚಿತ್ರ ತೆಗೆಯುವುದು ಹೇಗೆ?

ಶಿರಸಿಯ ಕಡೆಯ ಘಟ್ಟದಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟಿಗೆ ಸಿಲುಕದೆ ಹರಿದು, ಕುಮಟಾ ತಾಲ್ಲೂಕಿನ ಅಘನಾಶಿನಿ ಮತ್ತು ತದಡಿ ಗ್ರಾಮಗಳ ನಡುವೆ ಕಡಲು ಸೇರುವ ಅಘನಾಶಿನಿ ನದಿಯ ಅಳಿವೆಯು 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. 4,801 ಹೆಕ್ಟೇರ್ ವಿಸ್ತಾರದ ಈ ತಾಣದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ, ಸಿಗಡಿ ಹೊಂಡ, ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲು ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ, ಹಿಮಾಲಯದಾಚೆಯಿಂದಲೂ ಉತ್ತರ ಧ್ರುವದ ಸಮೀಪದ ಬಯಲುಗಳಿಂದಲೂ ಬರುವ ಸಣ್ಣ, ದೊಡ್ಡ ಗೊರವಗಳು, ಅಂದರೆ ಕೆಸರಿನಲ್ಲಿ, ನೀರಂಚಿನಲ್ಲಿ ನಡೆದು ಮೇವು ಹುಡುಕುವ ಹಕ್ಕಿಗಳು, ಇಲ್ಲಿ ಮೇಯುತ್ತವೆ. ಅವನ್ನು ಹತ್ತಿರದಿಂದ ನೋಡಬೇಕೆನ್ನುವವರು ಬೆನ್ನಟ್ಟಿ ಹೋಗಬೇಕಾಗಿಲ್ಲ. ಏರುವ ನೀರೇ ಹಕ್ಕಿಗಳನ್ನು ನಮ್ಮತ್ತ ತರುತ್ತದೆ. ಅದಕ್ಕೆ ಮೊದಲೇ ಸರಿಯಾದ ಜಾಗದಲ್ಲಿ ಕುಳಿತಿರುವುದಷ್ಟೇ ನಮ್ಮ ಕೆಲಸ.

ದಿನ ಮತ್ತು ಹೊತ್ತನ್ನು ಗೊತ್ತುಮಾಡಿಕೊಳ್ಳುವುದು

ಕೆರೆಯ ಹಕ್ಕಿಗಳನ್ನು ನೋಡಿ ರೂಢಿಯಾದವರು ಸೂರ್ಯೋದಯದ ಲೆಕ್ಕ ಹಾಕಿ ಹೊರಡುತ್ತಾರೆ. ಅಳಿವೆಯಲ್ಲಿ ಆ ಲೆಕ್ಕವೊಂದೇ ಸಾಲದು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿ ಉಬ್ಬರವೂ ಹಿಂದಿನ ದಿನಕ್ಕಿಂತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಇಳಿತದಲ್ಲಿ ಕೆಸರುಬಯಲು ಪೂರ್ತಿ ತೆರೆದಾಗ ಹಕ್ಕಿಗಳು ಎಲ್ಲೆಡೆ ಚದುರಿ, ದುರ್ಬೀನಿಗೂ ಚುಕ್ಕಿಗಳಂತೆ ಕಾಣುವಷ್ಟು ದೂರ ಹೋಗುತ್ತವೆ. ನೀರು ಏರತೊಡಗಿದಂತೆ ಮೇಯುವ ಜಾಗ ಕಿರಿದಾಗಿ, ಅವು ಹೆಜ್ಜೆಹೆಜ್ಜೆಯಾಗಿ ದಡದ ಕಡೆಗೆ ಸರಿಯುತ್ತವೆ.

ಆದ್ದರಿಂದ ಬೆಳಿಗ್ಗೆ ಎಂಟು, ಒಂಬತ್ತರ ಹೊತ್ತಿಗೆ ಉಬ್ಬರ ತುಂಬುವ ದಿನವನ್ನು ಆರಿಸಿಕೊಳ್ಳಿ. ಅಂಥ ಬೆಳಗು ಸುಮಾರು ಹದಿನೈದು ದಿನಗಳಿಗೊಮ್ಮೆ ಮರಳಿ ಬರುತ್ತದೆ. ಕಾರವಾರ ಬಂದರಿನ ಉಬ್ಬರ–ಇಳಿತದ ವೇಳಾಪಟ್ಟಿಯನ್ನು ಆಧಾರವಾಗಿಟ್ಟುಕೊಳ್ಳಬಹುದು. ಆದರೆ ಅಳಿವೆಯ ಬಾಯಿಂದ ಒಳಕ್ಕೆ ಹೋದಷ್ಟೂ ನೀರು ತಡವಾಗಿ ಏರುತ್ತದೆ ಎಂಬುದನ್ನು ಮರೆಯಬಾರದು. ಇಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ತೆಗೆಯುವವರಿಗೂ ಮೀನುಗಾರರಿಗೂ ಅಂದಂದಿನ ನೀರಿನ ಲೆಕ್ಕ ಬಾಯಿಪಾಠ. ಹಿಂದಿನ ದಿನ ಅವರನ್ನು ವಿಚಾರಿಸಿಕೊಳ್ಳುವುದು ಯಾವ ಪಟ್ಟಿಗಿಂತಲೂ ಮೇಲು.

ಕೂರುವ ಜಾಗ

ಉಬ್ಬರ ತುಂಬುವುದಕ್ಕೆ ಎರಡು ಗಂಟೆ ಮೊದಲೇ ಗಜನಿಯ ಒಡ್ಡಿನ ಮೇಲೆ ಅಥವಾ ಗಟ್ಟಿ ದಡದಲ್ಲಿ, ಸೂರ್ಯ ಬೆನ್ನ ಹಿಂದಿರುವಂತೆ ಕುಳಿತುಬಿಡಬೇಕು. ಒಡ್ಡುಗಳು ರೈತರ ದುಡಿಮೆಯ ಜಾಗವಾದ್ದರಿಂದ ಅವರನ್ನು ಕೇಳಿಯೇ ಹತ್ತಬೇಕು. ಕೆಸರಿಗೆ ಮಾತ್ರ ಇಳಿಯಲೇಬಾರದು: ಸೊಂಟದವರೆಗೆ ಹೂತುಹೋಗುವ ಜಾಗಗಳಿರುತ್ತವೆ, ಹಿಂದಿನಿಂದ ನೀರು ಏರಿ ದಾರಿ ಮುಚ್ಚಿಬಿಡಲೂಬಹುದು. ನಿಂತ ಮನುಷ್ಯನ ಆಕಾರ ಆಕಾಶಕ್ಕೆ ಎದುರಾಗಿ ಎದ್ದು ಕಾಣುತ್ತದೆಯಾದ್ದರಿಂದ, ಒಡ್ಡಿನ ನೆತ್ತಿಗಿಂತ ಇಳಿಜಾರಿನಲ್ಲಿ ತಗ್ಗಿ ಕೂರುವುದು ಲೇಸು. ಮಣ್ಣಿನ ಬಣ್ಣದ ಬಟ್ಟೆ ಸಾಕು.

ಗುರುತು ಹಿಡಿಯುವುದು

ಹೊಸಬರು ಮೊದಲು ಎದೆಗುಂದುವುದು ಇಲ್ಲಿಯೇ, ಏಕೆಂದರೆ ಚಳಿಗಾಲದಲ್ಲಿ ಹೆಚ್ಚಿನ ಗೊರವಗಳು ಬೂದು, ಕಂದು ಬಣ್ಣದವು. ಬಣ್ಣವನ್ನು ಬಿಟ್ಟು ಮೇಯುವ ರೀತಿಯನ್ನು ಗಮನಿಸಿದರೆ ದಾರಿ ಸುಲಭವಾಗುತ್ತದೆ. ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಕುಕ್ಕಿ, ಮತ್ತೆ ಓಡುವ ಗಿಡ್ಡ ಕೊಕ್ಕಿನ ಹಕ್ಕಿ ಪ್ಲೋವರ್ ಜಾತಿಯದು. ಅದು ಕಣ್ಣಿನಿಂದ ಬೇಟೆಯಾಡುತ್ತದೆ. ತಲೆ ಬಗ್ಗಿಸಿಕೊಂಡು ಕೆಸರನ್ನು ಒಂದೇ ಸಮನೆ ಚುಚ್ಚುತ್ತ ಸಾಗುವವು ಹೆಚ್ಚಾಗಿ ಸ್ಯಾಂಡ್‌ಪೈಪರ್ ಬಳಗದವು. ಅವುಗಳ ಕೊಕ್ಕಿನ ತುದಿಗೆ ಸ್ಪರ್ಶಜ್ಞಾನವಿದ್ದು, ಕಾಣದ ಹುಳವನ್ನೂ ಅದು ಪತ್ತೆಮಾಡುತ್ತದೆ. ಹಿಂಭಾಗವನ್ನು ಬಿಡದೆ ಕುಣಿಸುತ್ತಿರುವುದು ಕಾಮನ್ ಸ್ಯಾಂಡ್‌ಪೈಪರ್. ಕೊಕ್ಕು ಕೆಳಕ್ಕೆ ಬಾಗಿದ್ದು ನೆತ್ತಿಯ ಮೇಲೆ ಪಟ್ಟೆಗಳಿದ್ದರೆ ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ಇನ್ನೂ ಉದ್ದವಾಗಿದ್ದರೆ ಕರ್ಲ್ಯೂ. ತುಸು ಮೇಲಕ್ಕೆ ಬಾಗಿ, ಕಾಲು ಹಳದಿಯಾಗಿದ್ದರೆ ಟೆರೆಕ್ ಸ್ಯಾಂಡ್‌ಪೈಪರ್.

ಹಾರುವಾಗಲೂ ಗುರುತು ಸಿಗುತ್ತದೆ. ಕೆಂಪುಕಾಲಿನ ರೆಡ್‌ಶ್ಯಾಂಕಿನ ರೆಕ್ಕೆಯ ಹಿಂಬದಿಗೆ ಅಗಲವಾದ ಬಿಳಿ ಅಂಚಿದೆ. ಗ್ರೀನ್‌ಶ್ಯಾಂಕಿನ ರೆಕ್ಕೆ ಅಚ್ಚಗಪ್ಪಾಗಿದ್ದು, ಬಿಳುಪು ಬೆನ್ನಿನ ಮೇಲಕ್ಕೆ ಚೂಪಾಗಿ ಏರಿರುತ್ತದೆ. 8x42 ಅಥವಾ 10x42 ದುರ್ಬೀನು ಇಷ್ಟಕ್ಕೆಲ್ಲ ಸಾಕಾಗುತ್ತದೆ. ಮಾರ್ಚ್ ಕೊನೆಗೆ ಹೋಗಲು ಸಾಧ್ಯವಾದರೆ ಖಂಡಿತ ಹೋಗಿ: ಚಳಿಗಾಲವೆಲ್ಲ ಬೂದಾಗಿದ್ದ ಸ್ಯಾಂಡ್ ಪ್ಲೋವರಿನ ಎದೆಗೆ ಇಟ್ಟಿಗೆಗೆಂಪು ಏರುತ್ತಿರುವುದನ್ನು ಕಾಣಬಹುದು.

ಚಿತ್ರ ತೆಗೆಯುವುದು

ಈ ಹಕ್ಕಿಗಳಿಗೆ 400 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್ ಬೇಕು. ಅದಕ್ಕಿಂತ ಮುಖ್ಯವಾದುದು ಕ್ಯಾಮೆರಾವನ್ನು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಇಳಿಸುವುದು. ಮೇಲಿನಿಂದ ತೆಗೆದರೆ ಬೂದು ಹಕ್ಕಿ ಬೂದು ಕೆಸರಿನಲ್ಲಿ ಬೆರೆತುಹೋಗುತ್ತದೆ. ತಗ್ಗಿ ತೆಗೆದರೆ ಹಿನ್ನೆಲೆ ದೂರ ಸರಿದು, ಮಸುಕಾಗಿ, ಹಕ್ಕಿಯ ಆಕಾರ ಸ್ಪಷ್ಟವಾಗಿ ನಿಲ್ಲುತ್ತದೆ. ಮೇಯುವ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡು, ಹಾರುವುದಕ್ಕೆ 1/2000 ಇರಲಿ; ಐಎಸ್‌ಒ ಏರಿದರೂ ಅಂಜಬೇಡಿ. ಕಪ್ಪು ಕೆಸರಿನ ಮೇಲೆ ನಿಂತ ಬೆಳ್ಳಕ್ಕಿಯನ್ನು ಕ್ಯಾಮೆರಾ ತಾನಾಗಿ ಅತಿಯಾಗಿ ಬೆಳಗಿಸಿಬಿಡುವುದರಿಂದ, ಗರಿಗಳ ಎಳೆಗಳು ಉಳಿಯಬೇಕಾದರೆ ಎಕ್ಸ್‌ಪೋಶರನ್ನು ಸುಮಾರು ಒಂದು ಸ್ಟಾಪ್ ತಗ್ಗಿಸಬೇಕು. ಹೊಳೆಯುವ ನೀರಿನಲ್ಲಿ ನಿಂತ ಗೊರವಕ್ಕೆ ಅದನ್ನೇ ಏರಿಸಬೇಕು. ಬಿಸಿಲೇರಿ ಬಯಲಿನ ಮೇಲಿನ ಗಾಳಿ ನಡುಗತೊಡಗಿದ ಮೇಲೆ ದೂರದ ಚಿತ್ರ ಎಷ್ಟು ದುಬಾರಿ ಲೆನ್ಸಿಗೂ ಸ್ಪಷ್ಟವಾಗಿ ಸಿಗುವುದಿಲ್ಲ. ಆಗ ಕ್ಯಾಮೆರಾ ಬದಿಗಿಟ್ಟು ಎಣಿಕೆಗೆ ತೊಡಗಬಹುದು.

ಎಲ್ಲಿ ನಿಲ್ಲಬೇಕು

ಹಕ್ಕಿ ಮೇವು ಬಿಟ್ಟು ತಲೆಯೆತ್ತಿ ನೋಡತೊಡಗಿತೆಂದರೆ ನಾವು ಅತಿಯಾಗಿ ಹತ್ತಿರ ಹೋಗಿದ್ದೇವೆ ಎಂದೇ ಅರ್ಥ. ರೆಡ್‌ಶ್ಯಾಂಕ್ ಎಲ್ಲರಿಗಿಂತ ಮೊದಲು ಕೂಗಿ ಎಚ್ಚರಿಸುತ್ತದೆ. ಅದು ಕೂಗಿದರೆ ಅಲ್ಲಿಯೇ ನಿಂತು, ನಿಧಾನವಾಗಿ ಹಿಂದೆ ಸರಿಯಿರಿ. ಉಬ್ಬರ ತುಂಬಿದಾಗ ಹಕ್ಕಿಗಳು ಮೇಯುವ ನೆಲವೆಲ್ಲ ಮುಳುಗಿ, ಒಡ್ಡಿನ ತುದಿಯಲ್ಲೋ ಮರಳುದಿಬ್ಬದಲ್ಲೋ ಗುಂಪುಗೂಡಿ ವಿಶ್ರಮಿಸುತ್ತವೆ. ಆ ಗುಂಪನ್ನು ಎಬ್ಬಿಸಿ ಹಾರುವ ಚಿತ್ರ ತೆಗೆಯುವ ಚಾಳಿ ನನಗೆ ತೀರ ಅಸಹನೀಯ. ಸಾವಿರಾರು ಕಿಲೋಮೀಟರ್ ಹಿಂದಿರುಗಲು ಅವು ಕೂಡಿಡುತ್ತಿರುವ ಕೊಬ್ಬು ಪ್ರತಿ ಅನಗತ್ಯ ಹಾರಾಟದಲ್ಲಿಯೂ ಕರಗುತ್ತದೆ. ಡ್ರೋನ್ ಹಾರಿಸುವುದು, ಧ್ವನಿಮುದ್ರಿತ ಕೂಗು ಕೇಳಿಸುವುದು ಎರಡೂ ಬೇಡ.

ದಾಖಲಿಸುವುದು

ದೊಡ್ಡ ಗುಂಪನ್ನು ಎಣಿಸುವಾಗ ಹತ್ತು ಹಕ್ಕಿಗಳ ಒಂದು ಭಾಗವನ್ನು ಕಣ್ಣಿನಲ್ಲಿ ಅಳೆದುಕೊಂಡು, ಅಂಥ ಭಾಗಗಳು ಎಷ್ಟಿವೆಯೆಂದು ಲೆಕ್ಕ ಹಾಕಬೇಕು. ಸಂಖ್ಯೆ, ಸಮಯ, ನೀರಿನ ಮಟ್ಟಗಳನ್ನು ಬರೆದುಕೊಂಡು, ಹಕ್ಕಿ ದಾಖಲೆಗಳ ಜಾಲತಾಣವಾದ ಇ–ಬರ್ಡ್‌ಗೆ ಸೇರಿಸಿ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೂ ಇಂಥ ಎಣಿಕೆ ಉಪಯುಕ್ತ. ಯಾವುದಾದರೂ ಹಕ್ಕಿಯ ಕಾಲಿನಲ್ಲಿ ಬಣ್ಣದ ಪಟ್ಟಿ ಕಂಡರೆ, ಅದು ಯಾವ ಕಾಲು, ಪಟ್ಟಿ ಕಾಲಿನ ನಡುವಿನ ಗಂಟಿಗಿಂತ ಮೇಲೋ ಕೆಳಗೋ, ಬಣ್ಣಗಳ ಕ್ರಮವೇನು, ಅಕ್ಷರಗಳಿವೆಯೇ ಎಂಬುದನ್ನು ಗುರುತು ಹಾಕಿಕೊಂಡು, ಚಿತ್ರದೊಂದಿಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿಕೊಡಬೇಕು.